ಜೌಗಿನಲ್ಲಿ ಕಂಡ ಕೆಂಪು ಅಂಟುಗಿಡ ಯಾವುದು? ಪಕ್ಕದಲ್ಲೇ ಹೂಜಿಯಂಥದ್ದೂ ಇತ್ತು

ಅಲೆಮಾರಿ:

ನಮಸ್ಕಾರ. ಗಿಡಗಳ ಹೆಸರು ನನಗೆ ಅಷ್ಟಾಗಿ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ, ತಿಳಿದವರು ಹೇಳಿ.

ಮೊನ್ನೆ ರಜೆಯಲ್ಲಿ ಒಂದು ದೊಡ್ಡ ಜೌಗು ಬಯಲಿನಲ್ಲಿ ಅರ್ಧ ದಿನ ಓಡಾಡಿದೆವು. ಮರ ಅನ್ನುವುದೇ ಇಲ್ಲ. ನೆಲದ ತುಂಬ ಹಸಿರು, ಕೆಂಪು, ಕಂದು ಬಣ್ಣದ ಪಾಚಿ. ಕಾಲಿಟ್ಟರೆ ಕುಗ್ಗುತ್ತದೆ. ಒಬ್ಬರು ಜಿಗಿದರೆ ಪಕ್ಕದಲ್ಲಿ ನಿಂತವರೂ ಅಲ್ಲಾಡುತ್ತಾರೆ. ಆ ಪಾಚಿಯ ಮಧ್ಯೆ ಎರಡು ಮೂರು ಬೆರಳು ಅಗಲದ ಕೆಂಪು ಗಿಡಗಳು ನೆಲಕ್ಕೆ ಅಂಟಿಕೊಂಡು ಹರಡಿದ್ದವು. ಎಲೆ ದುಂಡಗೆ, ಬೆರಳಿನ ಉಗುರಿನಷ್ಟು. ತೊಟ್ಟು ಉದ್ದ. ಎಲೆಯ ಮೇಲೆಲ್ಲ ಕೆಂಪು ಕೂದಲು, ಒಂದೊಂದು ಕೂದಲ ತುದಿಯಲ್ಲೂ ಒಂದು ಹನಿ. ಮಧ್ಯಾಹ್ನದ ಬಿಸಿಲಿಗೂ ಆ ಹನಿ ಆರಿರಲಿಲ್ಲ. ಬೆರಳು ತಾಗಿಸಿದರೆ ಎಳೆ ಎಳೆಯಾಗಿ ಬಂತು. ಒಂದು ಎಲೆಯಲ್ಲಿ ಸಣ್ಣ ನೊಣ ಸಿಕ್ಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು.

ಸ್ವಲ್ಪ ದೂರದಲ್ಲಿ ಇನ್ನೊಂದು ಜಾತಿ. ಗಿಡ್ಡ ಹೂಜಿಗಳು, ಬುಡದಲ್ಲಿ ಸುತ್ತಲೂ ಒರಗಿ ಕೂತಿದ್ದವು. ಬಾಯಿ ಪೂರ್ತಿ ತೆರೆದೇ ಇತ್ತು. ಹಸಿರು ಮೈ ಮೇಲೆ ಕೆಂಪು ನರ. ಒಳಗೆ ನೀರು, ನೀರಿನಲ್ಲಿ ಕಪ್ಪಗೆ ಸತ್ತ ಹುಳುಗಳು.

ಇವು ಯಾವುವು? ಜೌಗಿನ ಅಂಚು ದಾಟಿ ಹತ್ತು ಹೆಜ್ಜೆ ಗಟ್ಟಿ ನೆಲಕ್ಕೆ ಬಂದರೆ ಒಂದೂ ಇಲ್ಲ, ಯಾಕೆ? ಮತ್ತೆ, ನನ್ನ ಅಕ್ಕನ ಮಗ ಒಂದು ಗಿಡ ಬೇಕೇ ಬೇಕು ಅಂತ ಕೂತಿದ್ದಾನೆ. ಮುಂದಿನ ಸಲ ಹೋದಾಗ ಪಾಚಿ ಸಮೇತ ಒಂದು ಹಿಡಿ ಕಿತ್ತು ತಂದರೆ ಕುಂಡದಲ್ಲಿ ಬದುಕುತ್ತದಾ?

ಕೆಸರುಗಾಲು:

ದುಂಡೆಲೆಯದ್ದು ಡ್ರಾಸೆರಾ ರೊಟುಂಡಿಫೋಲಿಯಾ, ಸನ್‌ಡ್ಯೂ ಅನ್ನುತ್ತಾರೆ. ಬಿಸಿಲಿಗೆ ಆರದ ಹನಿ ಅಂದಿರಲ್ಲ, ಗುರುತಿಗೆ ಅಷ್ಟು ಸಾಕು. ಹೂಜಿಯದ್ದು ಸರಸೇನಿಯಾ ಪರ್ಪ್ಯೂರಿಯಾ. ಅದರ ವಿಷಯದಲ್ಲಿ ನನಗೊಂದು ಅನುಮಾನ ಇದೆ, ಆಮೇಲೆ ಬರುತ್ತೇನೆ.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಕೀಟ ತಿನ್ನುವ ಇಂಥ ಗಿಡಗಳ ಬಗ್ಗೆ ಬರುವ ವಿಡಿಯೋಗಳಲ್ಲಿ ಯಾವಾಗ ನೋಡಿದರೂ ಬಾಯಿ, ಹಲ್ಲು, ಬೇಟೆ, ಹಿಂದೆ ಢಮಢಮ ಸಂಗೀತ. ನೆಲದ ಮಾತೇ ಇರುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ನೆಲ ನೋಡಬೇಕು, ಗಿಡ ಆಮೇಲೆ.

ನೀವು ನಿಂತಿದ್ದು ಮಣ್ಣಿನ ಮೇಲೆ ಅಲ್ಲ. ನೀವು ಪಾಚಿ ಅಂದದ್ದು ಸ್ಫ್ಯಾಗ್ನಮ್ ಎಂಬ ಹಾವಸೆ. ಅದು ಮೇಲೆ ಬೆಳೆಯುತ್ತಾ ಹೋಗುತ್ತದೆ, ಕೆಳಗೆ ಸಾಯುತ್ತಾ ಹೋಗುತ್ತದೆ. ಸತ್ತದ್ದು ಸರಿಯಾಗಿ ಕೊಳೆಯುವುದಿಲ್ಲ. ನೀರು ತುಂಬಿಕೊಂಡು ಒಳಗೆ ಗಾಳಿಯಾಡುವುದಿಲ್ಲ, ಜೊತೆಗೆ ಹುಳಿ. ಹಾಗೆ ಕೊಳೆಯದೆ ಒಟ್ಟಾದದ್ದೇ ಪೀಟ್. ಅದು ಏರುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಹಳೆಯ ಜೌಗುಗಳಲ್ಲಿ ಈ ಪದರ ಹಲವು ಮೀಟರ್ ದಪ್ಪ ಇರುತ್ತದೆ. ಅಂದಮೇಲೆ ಮೇಲಿರುವ ಗಿಡದ ಬೇರಿಗೆ ಅಡಿಯ ಕಲ್ಲು, ಮಣ್ಣು, ಊಟೆ ನೀರು ಯಾವುದೂ ಸಿಗುವುದಿಲ್ಲ. ಬಂದದ್ದೆಲ್ಲ ಮಳೆಯಿಂದ, ಗಾಳಿಯ ಧೂಳಿನಿಂದ. ಮಳೆನೀರಿನಲ್ಲಿ ಬರುವ ಚೂರುಪಾರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹಾವಸೆಯೇ ಹಿಡಿದುಕೊಳ್ಳುತ್ತದೆ, ಬದಲಿಗೆ ನೀರಿಗೆ ಹುಳಿ ಬಿಡುತ್ತದೆ. ಪಿಎಚ್ 4ರ ಆಸುಪಾಸು. ಸಾರಜನಕಕ್ಕೂ ಬರ, ರಂಜಕಕ್ಕೂ ಬರ.

ಇಂಥ ಕಡೆ ಎಲೆಯನ್ನೇ ಬಲೆ ಮಾಡಿಕೊಂಡ ಗಿಡಕ್ಕೆ ಬದುಕು ಸಾಗುತ್ತದೆ. ಕೀಟದಿಂದ ಅದಕ್ಕೆ ಬೇಕಾದದ್ದು ಸಾರಜನಕ, ರಂಜಕದಂಥವು. ಹೊಟ್ಟೆ ತುಂಬುವ ಸಕ್ಕರೆಯನ್ನು ಬೇರೆ ಗಿಡಗಳ ಹಾಗೆ ಬಿಸಿಲಿನಲ್ಲೇ ಮಾಡಿಕೊಳ್ಳುತ್ತದೆ. ಆದರೆ ಬಲೆ ಪುಕ್ಕಟೆ ಅಲ್ಲ. ಅಂಟು ಮಾಡಬೇಕು, ಕೂದಲು ಬಗ್ಗಿಸಬೇಕು, ಕಿಣ್ವ ಸುರಿಸಬೇಕು. ಎಲೆ ಬಲೆಯಾದಷ್ಟೂ ಬಿಸಿಲು ಹಿಡಿಯುವ ಕೆಲಸ ಹಿಂದೆ ಬೀಳುತ್ತದೆ. ಗಟ್ಟಿ ನೆಲದಲ್ಲಿ ಇದು ವ್ಯಾಪಾರಕ್ಕಿಂತ ಬಾಡಿಗೆ ಜಾಸ್ತಿಯಾದ ಅಂಗಡಿ. ಪಕ್ಕದ ಹುಲ್ಲು ಬೇರಿನಿಂದಲೇ ಬೇಕಾದ್ದು ಹೀರಿ ಎತ್ತರ ಬೆಳೆದು ಬೆಳಕು ಮುಚ್ಚುತ್ತದೆ. ನೆಲಕ್ಕೆ ಅಂಟಿಕೊಂಡ ಸನ್‌ಡ್ಯೂ ಅಲ್ಲಿಗೆ ಮುಗಿಯಿತು. ನಿಮ್ಮ ಹತ್ತು ಹೆಜ್ಜೆಯ ಗುಟ್ಟು ಇದೇ.

ಸನ್‌ಡ್ಯೂ ಕೆಲಸ ಮಾಡುವುದನ್ನು ಕೂತು ನೋಡುವಷ್ಟು ತಾಳ್ಮೆ ಇದ್ದರೆ ನೋಡಿ. ನೊಣ ಮೊದಲು ಅಂಟಿಗೆ ಸಿಕ್ಕುತ್ತದೆ. ಒದ್ದಾಡಿದಷ್ಟೂ ಸುತ್ತಲಿನ ಕೂದಲು ಅದರ ಕಡೆ ಬಾಗುತ್ತವೆ. ಅವಸರವೇನೂ ಇಲ್ಲ, ಅಂಚಿನ ಕೂದಲೆಲ್ಲ ಪೂರ್ತಿ ಬಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಕರಗಿಸುವುದಕ್ಕೆ ದಿನಗಳು. ಕೊನೆಗೆ ಕೂದಲು ಮತ್ತೆ ಬಿಚ್ಚಿಕೊಂಡಾಗ ನೊಣದ ಒಣ ಚಿಪ್ಪು ಮಾತ್ರ ಉಳಿದಿರುತ್ತದೆ. ಚಳಿಗಾಲದಲ್ಲಿ ಈ ಎಲೆಗಳೆಲ್ಲ ಕಪ್ಪಾಗಿ ಹೋಗಿ, ನಡುವೆ ಒಂದು ಬಿಗಿಯಾದ ಹಸಿರು ಮೊಗ್ಗು ಉಳಿಯುತ್ತದೆ. ಆಗ ಬಂದು ಹುಡುಕಿದರೆ ಗಿಡವೇ ಇಲ್ಲ ಅನ್ನಿಸುತ್ತದೆ.

ಡಾರ್ವಿನ್ ಇದರ ಹಿಂದೆ ಬಿದ್ದಿದ್ದು 1860ರಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಕಡೆಯ ಬಯಲಿನಲ್ಲಿ ಎಷ್ಟೊಂದು ಕೀಟ ಈ ಎಲೆಗಳಿಗೆ ಅಂಟಿವೆ ಅಂತ ಕಂಡು ಶುರುಮಾಡಿದ್ದು. ಕೀಟ ತಿನ್ನುವ ಗಿಡಗಳ ಮೇಲೆ ಅವನ ಪುಸ್ತಕ ಬಂದಿದ್ದು 1875ರಲ್ಲಿ. ಒಂದು ಮಿಲಿಗ್ರಾಂನ ಸಾವಿರದ ಒಂದು ಭಾಗಕ್ಕಿಂತಲೂ ಹಗುರವಾದ ತಲೆಗೂದಲ ತುಂಡಿಟ್ಟರೂ ಕೂದಲು ಬಾಗಿದ್ದನ್ನು ಅವನು ನೋಡಿದ. ಅದೇ ಕೂದಲು ದಪ್ಪ ಮಳೆಹನಿ ಬಡಿದರೆ ಕದಲುವುದಿಲ್ಲ! ದಿನವಿಡೀ ಮಳೆ ಬೀಳುವ ಜಾಗದಲ್ಲಿ ಪ್ರತಿ ಹನಿಗೂ ಬಾಗುತ್ತಾ ಕೂತರೆ ಆಗುತ್ತದಾ? ಇನ್ನು ಮಗ ಫ್ರಾನ್ಸಿಸ್ ಡಾರ್ವಿನ್. ಕೆಲವು ಗಿಡಗಳಿಗೆ ಹುರಿದ ಮಾಂಸದ ಚೂರು ಕೊಟ್ಟು, ಕೆಲವನ್ನು ಉಪವಾಸ ಕೆಡವಿ, 1878ರಲ್ಲಿ ಲೆಕ್ಕ ಒಪ್ಪಿಸಿದ. ತಿಂದ ಗಿಡಗಳು ಎರಡು ಪಟ್ಟಿಗಿಂತಲೂ ಜಾಸ್ತಿ ಬೀಜ ಬಿಟ್ಟಿದ್ದವು. ಅದಕ್ಕೂ ಮೊದಲು, ಕೀಟ ತಿಂದು ಗಿಡಕ್ಕೆ ಏನು ಲಾಭ ಅಂತ ತಕರಾರು ಮಾಡುವವರು ಇನ್ನೂ ಇದ್ದರು.

ಅಂದಹಾಗೆ, ನೀರಿನ ಗುಂಡಿಗಳನ್ನು ನೋಡಿದಿರಾ? ಎಲೆಯೇ ಕಾಣದ ಒಂದು ಕಡ್ಡಿ, ತುದಿಯಲ್ಲಿ ಹಳದಿ ಹೂ? ಇದ್ದರೆ ಅದು ಯುಟ್ರಿಕ್ಯುಲೇರಿಯಾ, ಬ್ಲಾಡರ್‌ವರ್ಟ್. ನನಗೆ ಇವುಗಳೆಲ್ಲದರಲ್ಲಿ ಅದರ ಮೇಲೇ ಪ್ರೀತಿ ಜಾಸ್ತಿ. ಬೇರೇ ಇಲ್ಲ. ನೀರಿನೊಳಗೆ ಎಳೆ ಎಳೆ ಕಾಂಡ, ಅದಕ್ಕೆ ಗಸಗಸೆ ಗಾತ್ರದ ಚೀಲಗಳು. ಚೀಲ ತನ್ನೊಳಗಿನ ನೀರನ್ನು ಹೊರಗೆ ಹಾಕಿ ಕೆನ್ನೆ ಒಳಗೆಳೆದುಕೊಂಡು ಕಾಯುತ್ತದೆ. ನೀರುಚಿಗಟದಂಥ ಹುಳು ಬಾಗಿಲ ಹತ್ತಿರದ ಮುಳ್ಳುಗೂದಲು ತಾಗಿಸಿದರೆ ಬಾಗಿಲು ಒಳಕ್ಕೆ ತೆರೆದು, ನೀರು ನುಗ್ಗಿ, ಮತ್ತೆ ಮುಚ್ಚುತ್ತದೆ. ಹುಳು ಒಳಗೆ ಸೇರಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಎಲೆಯನ್ನೇ ಬಾಯಿಯ ಹಾಗೆ ಮುಚ್ಚಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡಕ್ಕೆ ಮುಚ್ಚಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಆದರೂ ಹೆಸರು ಬಂದದ್ದು ಅದಕ್ಕೆ. ನೀರೊಳಗೆ ಮಾಡಿದ ಕೆಲಸ ಯಾರಿಗೆ ಕಾಣಬೇಕು!

ಈಗ ಹೂಜಿ. ಸರಸೇನಿಯಾ ಪರ್ಪ್ಯೂರಿಯಾದ ತವರು ಉತ್ತರ ಅಮೆರಿಕದ ಪೂರ್ವ ಭಾಗ, ಕೆನಡಾದ ತನಕ. ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಹೂವೇ ಇದು. ನೀವು ಹೋಗಿದ್ದು ಆ ಕಡೆಗಾ? ಉತ್ತರ ಬಂದ ಮೇಲೆ ಮುಂದಿನದ್ದು ಬರೆಯುತ್ತೇನೆ.

ಕುತೂಹಲಿ:

ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಹೂಜಿಯಲ್ಲಿ ಕಪ್ಪೆ, ಇಲಿ ಬಿದ್ದರೆ ತಿನ್ನುತ್ತದಾ? ಎಲ್ಲೋ ಓದಿದ ನೆನಪು.

ಕೆಸರುಗಾಲು:

ಈ ಗಿಡ್ಡ ಹೂಜಿಗೆ ಇರುವೆ, ನೊಣ, ಜೇಡ ಇವೇ ಮುಖ್ಯ. ಆದರೆ ಕೆನಡಾದ ಆಲ್ಗಾಂಕ್ವಿನ್ ಪಾರ್ಕಿನ ಒಂದು ಜೌಗಿನಲ್ಲಿ ಹೂಜಿಗಳನ್ನು ಇಣುಕಿ ನೋಡಿದವರು 2019ರಲ್ಲಿ ಒಂದು ವರದಿ ಕೊಟ್ಟರು. ಸುಮಾರು ಐದು ಹೂಜಿಗೆ ಒಂದರಲ್ಲಿ ಮರಿ ಸಾಲಮಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಸಿಕ್ಕಿತ್ತು. ಕೊಳದಿಂದ ಆಗಷ್ಟೇ ನೆಲಕ್ಕೆ ಬಂದ ಮರಿಗಳು, ಬೆರಳುದ್ದ ಕೂಡ ಇಲ್ಲ. ಒಂದು ಮರಿ ಎಂದರೆ ಗಿಡಕ್ಕೆ ಎಷ್ಟು ನೊಣದ ಸಮ ಆಗಬಹುದು, ನೀವೇ ಯೋಚಿಸಿ.

ತಿನ್ನುವುದು ಅಂದಿರಲ್ಲ, ಅದನ್ನೂ ಈ ಗಿಡ ಬಹುಪಾಲು ಬೇರೆಯವರಿಗೆ ವಹಿಸಿದೆ. ಬಾಯಿ ತೆರೆದಿರುವುದರಿಂದ ಒಳಗಿರುವುದು ಮಳೆನೀರು. ಬಿದ್ದ ಹುಳುವನ್ನು ಅಲ್ಲಿನ ಬ್ಯಾಕ್ಟೀರಿಯಾ, ಮರಿಹುಳುಗಳು ಒಡೆಯುತ್ತವೆ, ಉಳಿದ ರಸ ಗಿಡಕ್ಕೆ. ಅಮೆರಿಕದಲ್ಲಿ ವಯೋಮಿಯಾ ಸ್ಮಿತಿಯೈ ಅಂತ ಒಂದು ಸೊಳ್ಳೆ ಇದೆ, ಅದರ ಮರಿ ಬೆಳೆಯುವುದು ಈ ಹೂಜಿಯ ನೀರಿನಲ್ಲೇ. ಚಳಿಗಾಲದಲ್ಲಿ ನೀರಿನ ಜೊತೆ ಹೆಪ್ಪುಗಟ್ಟಿ, ವಸಂತಕ್ಕೆ ಕರಗಿ, ಏನೂ ಆಗದ ಹಾಗೆ ಮತ್ತೆ ಓಡಾಡುತ್ತದೆ.

ಕುಂಡವಾಸಿ:

ಅಕ್ಕನ ಮಗನ ವಿಷಯ ಯಾರೂ ಹೇಳಲಿಲ್ಲವಲ್ಲ. ನಾನು ಇವನ್ನು ಕುಂಡದಲ್ಲಿ ಬೆಳೆಸುವವನು, ಅದಕ್ಕೆ ಹೇಳುತ್ತೇನೆ.

ಜೌಗಿನಿಂದ ಕೀಳಬೇಡಿ. ಕಾನೂನು ಒಂದು ಕಡೆ ಇರಲಿ, ಕಿತ್ತ ಗಿಡ ಉಳಿಯುವುದೇ ಅನುಮಾನ. ಸನ್‌ಡ್ಯೂಗೆ ನಾಲ್ಕಾರು ತೆಳು ಕಪ್ಪು ಬೇರು ಅಷ್ಟೇ, ಎಳೆದರೆ ಹೋಯಿತು. ಆಮೇಲೆ ಕುಂಡಕ್ಕೆ ಹಾಕಿ ನಲ್ಲಿ ನೀರು ಹಾಕುತ್ತಾರೆ. ನಲ್ಲಿ ನೀರಿನ ಲವಣ ಕುಂಡದಲ್ಲಿ ಸೇರುತ್ತಾ ಸೇರುತ್ತಾ ಗಿಡ ಸಾಯುತ್ತದೆ. ಮಾಮೂಲಿ ತೋಟದ ಮಣ್ಣು, ಗೊಬ್ಬರ ಹಾಕಿದರೆ ಇನ್ನೂ ಬೇಗ. ಬೇಕಿದ್ದರೆ ನರ್ಸರಿಯಲ್ಲೇ ಬೀಜದಿಂದ ಬೆಳೆಸಿದ ಗಿಡ ತನ್ನಿ. ಮಳೆನೀರು ಇಲ್ಲವೇ ಡಿಸ್ಟಿಲ್ಡ್ ನೀರು, ತಟ್ಟೆಯಲ್ಲಿ ನೀರು ಯಾವಾಗಲೂ ನಿಂತಿರಲಿ, ಬಿಸಿಲು ಚೆನ್ನಾಗಿ ಬೀಳಲಿ. ಕುಂಡಕ್ಕೆ ಗೊಬ್ಬರ ಸೇರಿಸದ ಪೀಟ್ ಮತ್ತು ಮರಳು. ದುಂಡೆಲೆಯ ಜಾತಿಗೆ ಚಳಿಗಾಲದ ನಿದ್ದೆಯೂ ಬೇಕು, ಬೆಚ್ಚನೆಯ ಕೋಣೆಯಲ್ಲಿ ವರ್ಷಪೂರ್ತಿ ಇಟ್ಟರೆ ಸೊರಗುತ್ತದೆ.

ಹುಡುಗ ಫ್ಲೈಟ್ರ್ಯಾಪೇ ಬೇಕು ಅಂದರೆ ಒಂದು ಮಾತು. ಪೆನ್ಸಿಲ್ಲಿನಿಂದ ತಿವಿದು ತಿವಿದು ಮುಚ್ಚಿಸುವ ಆಟ ಬೇಡ. ಇಪ್ಪತ್ತು ಸೆಕೆಂಡಿನ ಒಳಗೆ ಎರಡು ಸಲ ಕೂದಲು ತಾಗಿದರೆ ಅದು ಮುಚ್ಚುತ್ತದೆ. ಒಂದು ಬಲೆ ಹೀಗೆ ಮುಚ್ಚಿ ತೆರೆಯುವುದು ಕೆಲವೇ ಸಲ, ಆಮೇಲೆ ಅದು ಸುಮ್ನೆ ಎಲೆ. ಆ ಗಿಡ ಕಾಡಿನಲ್ಲಿ ಇರುವುದೇ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಒಂದು ಸಣ್ಣ ಪ್ರದೇಶದಲ್ಲಿ, ವಿಲ್ಮಿಂಗ್ಟನ್ ಊರಿನ ಸುತ್ತ ಸುಮಾರು 100 ಕಿಲೋಮೀಟರಿನೊಳಗೆ. ಅದನ್ನು ಎಷ್ಟು ಕದ್ದರು ಅಂದರೆ, ಉತ್ತರ ಕ್ಯಾರೊಲಿನಾದ ಕೆಲವು ಕೌಂಟಿಗಳಲ್ಲಿ 2014ರ ಡಿಸೆಂಬರಿನಿಂದ ಅದನ್ನು ಕೀಳುವುದನ್ನು ದೊಡ್ಡ ಅಪರಾಧಗಳ ಪಟ್ಟಿಗೇ ಸೇರಿಸಿದರು.

ಕೆಸರುಗಾಲು:

ಕುಂಡವಾಸಿಯವರ ಮಾತು ಎಲ್ಲವೂ ಸರಿ, ಒಂದನ್ನು ಬಿಟ್ಟು. ಪೀಟ್! ವರ್ಷಕ್ಕೆ 1 ಮಿಲಿಮೀಟರ್ ಅಂತ ಮೇಲೇ ಬರೆದಿದ್ದೇನೆ. ಹತ್ತು ಸೆಂಟಿಮೀಟರ್ ಎತ್ತರದ ಕುಂಡ ತುಂಬಿಸಿದರೆ ನೂರು ವರ್ಷದ ಜೌಗು ಖಾಲಿ. ಜೌಗಿನ ಗಿಡದ ಮೇಲೆ ಪ್ರೀತಿ ಅಂತ ಜೌಗನ್ನೇ ಚೀಲಕ್ಕೆ ತುಂಬಿ ತರುವುದು ನನಗೆ ಸರಿ ಕಾಣುವುದಿಲ್ಲ.

ಕುಂಡವಾಸಿ:

ಈ ಜಗಳ ನಮಗೆ ಹಳೆಯದು. ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನನ್ನ ಕುಂಡಗಳಿಗೆ ಬೇಕಾದ ಪೀಟ್ ಎಷ್ಟು, ಉರುವಲಿಗೆ ಮತ್ತು ತೋಟಗಾರಿಕೆಗೆ ಯಂತ್ರ ಹಚ್ಚಿ ತೆಗೆಯುವ ಪೀಟ್ ಎಷ್ಟು? ಆದರೂ ಈಗ ಸ್ಫ್ಯಾಗ್ನಮ್ಮನ್ನೇ ಬೆಳೆಸಿ ಕೊಯ್ದು ಮಾರುವವರು ಇದ್ದಾರೆ. ಅದು ಮತ್ತೆ ಚಿಗುರುತ್ತದೆ. ಅದರಲ್ಲಿ ಸನ್‌ಡ್ಯೂ ಚೆನ್ನಾಗಿಯೇ ಬರುತ್ತದೆ. ಅಲೆಮಾರಿಯವರೇ, ಅದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಅಲೆಮಾರಿ:

ಎಲ್ಲರಿಗೂ ಧನ್ಯವಾದ. ಕೀಳುವುದಿಲ್ಲ, ಮಾತು ಕೊಟ್ಟೆ. ಹಳದಿ ಹೂ ಗಮನಿಸಲಿಲ್ಲ, ಈಗ ಹೊಟ್ಟೆ ಉರಿಯುತ್ತಿದೆ.

ನಾವು ಹೋಗಿದ್ದು ಕೆನಡಾ ಅಲ್ಲ, ಐರ್ಲೆಂಡ್. ದೇಶದ ಮಧ್ಯಭಾಗದ ಜೌಗು. ಹೂಜಿಗಳು ಒಂದೆರಡಲ್ಲ, ಒಂದು ಕಡೆ ಕಾಲಿಡಲು ಜಾಗ ಇಲ್ಲದಷ್ಟು ಇದ್ದವು. ಅಲ್ಲಿನವೇ ಅಲ್ವಾ?

ಕೆಸರುಗಾಲು:

ನನ್ನ ಅನುಮಾನ ಇದೇ ಆಗಿತ್ತು. ಅಲ್ಲಿನವು ಅಲ್ಲ. ಸನ್‌ಡ್ಯೂ ಐರ್ಲೆಂಡಿನದ್ದೇ, ದುಂಡೆಲೆಯದ್ದಲ್ಲದೆ ಇನ್ನೂ ಎರಡು ಜಾತಿ ಅಲ್ಲಿವೆ. ಬ್ಲಾಡರ್‌ವರ್ಟ್ ಇದೆ. ನೈಋತ್ಯದ ಕೆರಿ, ಕಾರ್ಕ್ ಕಡೆ ನೇರಳೆ ಹೂವಿನ ದೊಡ್ಡ ಬಟರ್‌ವರ್ಟ್ ಇದೆ, ಎಲೆಯೆಲ್ಲ ಜಿಡ್ಡು ಜಿಡ್ಡು, ನೋಡಲೇಬೇಕಾದ ಗಿಡ. ಹೂಜಿ ಗಿಡ ಮಾತ್ರ ಮನುಷ್ಯರು ತಂದು ನೆಟ್ಟದ್ದು. ರೋಸ್‌ಕಾಮನ್ ಕೌಂಟಿಯ ಒಂದು ಜೌಗಿನಲ್ಲಿ 1906ರಲ್ಲಿ ನೆಟ್ಟರು. ಅಲ್ಲಿಂದ ತೆಗೆದು ಬೇರೆ ಜೌಗುಗಳಿಗೂ ನೆಟ್ಟರು.

ನೆಟ್ಟರು ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದರ ಬೀಜ ಬಹುಪಾಲು ತಾಯಿಗಿಡದಿಂದ ಒಂದು ಗೇಣು ದೂರದೊಳಗೇ ಬೀಳುತ್ತದೆ. ಹೊಲ, ರಸ್ತೆ, ಊರು ದಾಟಿ ಇನ್ನೊಂದು ಜೌಗಿಗೆ ಅದು ತಾನಾಗಿ ಹೋಗುವುದು ಕಷ್ಟ. ಯಾರೋ ಚೆಂದ ಕಂಡು ಒಂದು ಹಿಡಿ ಕಿತ್ತು ಒಯ್ದಿರುತ್ತಾರೆ. ಒಮ್ಮೆ ನೆಲೆಯಾದರೆ ಗಿಡ ದಶಕಗಟ್ಟಲೆ ಬದುಕುತ್ತದೆ, ಸುತ್ತ ಮರಿ ಎಬ್ಬಿಸುತ್ತದೆ. ನೀವು ಕಂಡ ಹಾಗೆ ಕಾಲಿಡಲು ಜಾಗವಿಲ್ಲದಷ್ಟು ಒತ್ತಾದ ಕಡೆ ಹಾವಸೆಗೂ ಬೆಳಕಿಲ್ಲ, ಅಲ್ಲಿಯದೇ ಆದ ಸನ್‌ಡ್ಯೂಗೂ ಬೆಳಕಿಲ್ಲ. ಅದರ ಜೊತೆಯ ಸೊಳ್ಳೆ ಅಮೆರಿಕದಲ್ಲೇ ಉಳಿಯಿತು, ಆದರೂ ಅದಿಲ್ಲದೆಯೂ ಇದರ ಸಂಸಾರ ನಡೆದಿದೆ.

ಕೋಪ ಬಂದು ನೀವೇ ಕಿತ್ತು ಹಾಕಲು ಹೋಗಬೇಡಿ. ಕಾಲ್ತುಳಿತಕ್ಕೆ ಹಾವಸೆ ಬೇಗ ಸುಧಾರಿಸಿಕೊಳ್ಳುವುದಿಲ್ಲ, ನೆಲವೂ ಎಲ್ಲ ಕಡೆ ಭದ್ರ ಇರುವುದಿಲ್ಲ. ಐರ್ಲೆಂಡಿನಲ್ಲಿ ನ್ಯಾಷನಲ್ ಬಯೋಡೈವರ್ಸಿಟಿ ಡೇಟಾ ಸೆಂಟರ್ ಇದೆ, ಜನ ಕಂಡ ಗಿಡ ಪ್ರಾಣಿಗಳ ದಾಖಲೆ ತೆಗೆದುಕೊಳ್ಳುತ್ತಾರೆ. ಜಾಗ, ತಾರೀಕು, ಫೋಟೋ ಅವರಿಗೆ ಕಳಿಸಿ. ಸನ್‌ಡ್ಯೂ ಇನ್ನೊಮ್ಮೆ ನೋಡಬೇಕಿದ್ದರೆ ಆಫಲಿ ಕೌಂಟಿಯ ಕ್ಲಾರಾ ಜೌಗಿಗೆ ಹೋಗಿ. ಅಲ್ಲಿ ಮರದ ಹಲಗೆಯ ದಾರಿ ಇದೆ. ಹಲಗೆಯ ಮೇಲೇ ಬೋರಲು ಮಲಗಿ ಕೆಳಗೆ ನೋಡಿದರೆ ಆಯಿತು, ಕಾಲೂ ಒದ್ದೆಯಾಗುವುದಿಲ್ಲ.

ಅಲೆಮಾರಿ:

ಕಳಿಸುತ್ತೇನೆ. ಫೋಟೋ ತೆಗೆದು ನೋಡುವಾಗ ಒಂದು ವಿಚಿತ್ರ ಕಂಡಿತು. ಜೌಗಿನ ಅಂಚಿನಲ್ಲಿ ಹೊಲದಿಂದ ಬರುವ ಒಂದು ಕಾಲುವೆ ಇದೆ. ಅದರ ಹತ್ತಿರದ ಹೂಜಿಗಳು ಹೂಜಿಯಂತೆಯೇ ಇಲ್ಲ. ಎಲೆ ಚಪ್ಪಟೆ, ಅಗಲ, ಹಸಿರು. ಪಕ್ಕದಲ್ಲಿ ಕೊಳವೆ ಅನ್ನುವುದು ಹೆಸರಿಗೆ ಮಾತ್ರ. ರೋಗವಾ?

ಕೆಸರುಗಾಲು:

ರೋಗ ಅಲ್ಲ, ಗಿಡ ಲೆಕ್ಕ ಬದಲಿಸಿದೆ. 2002ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಇದೇ ಜಾತಿಗೆ ಸಾರಜನಕ ಕೊಟ್ಟು ನೋಡಿದ ಫಲಿತಾಂಶ ಬರೆದರು. ಸಾರಜನಕ ಹೆಚ್ಚಾದಂತೆ ಹೊಸ ಎಲೆಗಳಲ್ಲಿ ಕೊಳವೆ ಸಣ್ಣದಾಗುತ್ತಾ, ಚಪ್ಪಟೆ ಅಂಚು ಅಗಲವಾಗುತ್ತಾ ಹೋಯಿತು. ಬೇರಿಗೇ ಸಾರಜನಕ ಸಿಕ್ಕಿದ ಮೇಲೆ ಬಲೆಗೆ ಯಾಕೆ ಖರ್ಚು, ಎಲೆಯನ್ನು ಬಿಸಿಲಿಗೆ ಬಿಡಿಸುವುದೇ ಲಾಭ. ಸ್ವೀಡನ್ನಿನ ಜೌಗುಗಳಲ್ಲಿ ದುಂಡೆಲೆಯ ಸನ್‌ಡ್ಯೂವನ್ನು ಪರೀಕ್ಷಿಸಿದವರಿಗೂ ಇಂಥದ್ದೇ ಕಂಡಿತು. ಮಳೆಯ ಜೊತೆ ಸಾರಜನಕ ಜಾಸ್ತಿ ಬೀಳುವ ಕಡೆ ಗಿಡ ಕೀಟಗಳನ್ನು ನೆಚ್ಚುವುದು ಕಡಿಮೆಯಾಗಿತ್ತು. ಕೇಳಲು ಗಿಡಕ್ಕೆ ಒಳ್ಳೆಯ ದಿನ ಬಂದ ಹಾಗೆ ಕಾಣುತ್ತದೆ. ಆದರೆ ಅದೇ ಸಾರಜನಕ ಹುಲ್ಲಿಗೂ ಸಿಗುತ್ತದೆ, ಹುಲ್ಲಿಗೆ ಇವು ಸಾಟಿಯಲ್ಲ.

ಒಂದು ಎಚ್ಚರಿಕೆ. ನೆರಳು ಜಾಸ್ತಿಯಾದರೂ ಎಲೆ ಚಪ್ಪಟೆಯಾಗುತ್ತದೆ. ಫೋಟೋದಲ್ಲಿ ಅಲ್ಲಿ ಪೊದೆ ಏನಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಕಾಲುವೆಯ ಮೇಲೆಯೇ ಅನುಮಾನ. ದಾಖಲೆ ಕಳಿಸುವಾಗ ಆ ಫೋಟೋವನ್ನೂ ಸೇರಿಸಿ, ಕಾಲುವೆಯಿಂದ ಎಷ್ಟು ಹೆಜ್ಜೆ ದೂರದವರೆಗೆ ಚಪ್ಪಟೆ ಎಲೆ ಇದ್ದವು ಅಂತ ಅಂದಾಜು ಬರೆಯಿರಿ.